ಯೆಶಾಯನ ಏಳನೆಯ ಅಧ್ಯಾಯ

ಪುಣೆಯ ಖಡಕಿಯ ಕನ್ನಡ ಕ್ರೈಸ್ತ ಸಭೆಯಲ್ಲಿ ಡಿಸೆಂಬರ್ ತಿಂಗಳ ಬೋಧನೆಯ ಪ್ರಸಂಗ ಜಟ್ಟೆಪ್ಪನದೇ ಆಗಬೇಕೆಂಬುದು ಬಹಳ ವರ್ಷಗಳ ರೂಢಿ. ಜಟ್ಟೆಪ್ಪ ಪಾದ್ರಿಯಲ್ಲ. ವಾರವೆಲ್ಲ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಭಾನುವಾರ ಮಧ್ಯಾಹ್ನ ಮರಾಠಿ ಸಭೆಯವರು ಆರಾಧನೆ ಮುಗಿಸಿ ಹೊರಟ ಮೇಲೆ, ಅದೇ ಚರ್ಚಿನಲ್ಲಿ ಯಾದಗಿರಿ, ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಕ್ರೈಸ್ತರನ್ನು ಕೂಡಿಸಿಕೊಂಡು ಕನ್ನಡದಲ್ಲಿ ಬೋಧಿಸುತ್ತಿದ್ದ. ಎರಡೂ ಸಭೆಗಳಿಗೆ ಪಾದ್ರಿಯಾಗಿದ್ದ ಕೃಷ್ಣಾಜಿಯವರಿಗೆ ಕನ್ನಡ ಬಾರದು. ಹೀಗಾಗಿ ಕನ್ನಡದವರ ಮಟ್ಟಿಗೆ ಜಟ್ಟೆಪ್ಪನ ಮಾತೇ ಮಾತು.

ಅವನ ಡಿಸೆಂಬರ್ ಪ್ರಸಂಗ ಎಲ್ಲರಿಗೂ ಬಾಯಿಪಾಠವಾಗಿತ್ತು. ಯೇಸುವಿನ ಹುಟ್ಟನ್ನು ಮುಂಚೆಯೇ ಸಾರಿದ ಹಳೆಯ ಪ್ರವಾದಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಸಾಕ್ಷಿಗೆ ನಿಲ್ಲಿಸುತ್ತಿದ್ದ. ಮೀಕನು ಊರಿನ ಹೆಸರು ಹೇಳಿದ, ಬೇತ್ಲೆಹೇಮು. ಯೆಶಾಯನು ತಾಯಿಯ ಗುರುತು ಹೇಳಿದ, ಕನ್ಯೆ. ಮುದುಕ ಯಾಕೋಬನು ಸಾಯುವಾಗ ಕುಲ ಹೇಳಿ ಸತ್ತ, ಯೆಹೂದ. "ಹೊಲದ ಸುತ್ತ ಬಾಂದಕಲ್ಲು ನೆಟ್ಟಾಂಗ ನೆಟ್ಟು ಹೋಗ್ಯಾರ. ಕಲ್ಲು ನೋಡಿದ ಮ್ಯಾಲೂ ಹೊಲ ಯಾರ್ದು ಅಂತ ಜಗಳಾ ತಗಿಯವ್ರು ಯಾರ್ರಿ? ಯೆಹೂದ್ಯರು. ಅವರ ಪುಸ್ತಕ, ಅವರ ಊರು, ಅವರ ಕುಲ, ಕಣ್ಣು ಮಾತ್ರ ಇಲ್ಲ" ಎಂದು ಮುಗಿಸುತ್ತಿದ್ದ. ಜನ ತಲೆದೂಗುತ್ತಿದ್ದರು. ಅವರಲ್ಲಿ ಯಾರೊಬ್ಬರೂ ಯೆಹೂದ್ಯನನ್ನು ಕಂಡವರಲ್ಲ. ಜಟ್ಟೆಪ್ಪನೂ ಕಂಡಿರಲಿಲ್ಲ, ಅಥವಾ ಹಾಗೆಂದುಕೊಂಡಿದ್ದ.

ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಹನೋಖ್ ಥಳಕರ್ ಎಂಬ ಹಿರಿಯರಿದ್ದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಮಾತು ಅಚ್ಚ ಕೊಂಕಣಪಟ್ಟಿಯ ಮರಾಠಿ. ಎಲ್ಲರೂ ದಾದಾ ಎನ್ನುತ್ತಿದ್ದರು. ಹೆಸರು ಕೇಳಿ ಕ್ರೈಸ್ತರೆಂದೇ ಜಟ್ಟೆಪ್ಪ ತಿಳಿದಿದ್ದ. ಎಪ್ಪತ್ತಾರನೆಯ ಇಸವಿಯ ಆರಂಭದಲ್ಲಿ ಅವರು ನಿವೃತ್ತರಾದ ದಿನ, ಬೀಳ್ಕೊಡುಗೆಯ ಚಹ ಕುಡಿಯುತ್ತ, "ದಾದಾ, ನೀವು ಯಾವ ಚರ್ಚಿಗೆ ಹೋಗ್ತೀರಿ?" ಎಂದು ಕೇಳಿದ.

ಥಳಕರ್ ನಕ್ಕರು. "ನಾನು ಬೆನೆ ಇಸ್ರೇಲಿ. ಕೊಂಕಣದಲ್ಲಿ ನಮ್ಮನ್ನು ಶನಿವಾರ ತೇಲಿ ಅಂತಿದ್ದರು. ಎಣ್ಣೆ ಗಾಣದವರು, ಶನಿವಾರ ಗಾಣ ಕಟ್ಟದವರು. ನೀವು ಯೆಹೂದಿ ಅಂತೀರಲ್ಲ, ಅದೇ."

ಜಟ್ಟೆಪ್ಪ ಚಹದ ಕಪ್ಪನ್ನು ಕೆಳಗಿಟ್ಟ. ಇಷ್ಟು ವರ್ಷ ಒಂದೇ ಗೇಟಿನಿಂದ ಒಳಗೆ ಬಂದು, ಒಂದೇ ಗೇಟಿನಿಂದ ಹೊರಗೆ ಹೋದವರು. ದೇವರು ಇವರನ್ನು ತನ್ನ ಮುಂದೆ ತಂದು ನಿಲ್ಲಿಸಿದ್ದಾನೆ. ಯೇಸುವಿನ ವಿಷಯ ಹೇಳದಿದ್ದರೆ ದೋಷ ತನ್ನದೇ ಎಂದು ಅವನಿಗೆ ಅನ್ನಿಸಿತು.

ಮುಂದಿನ ವಾರವೇ ಸತ್ಯವೇದವನ್ನು ಟವೆಲಿನಲ್ಲಿ ಸುತ್ತಿಕೊಂಡು ರಾಸ್ತಾ ಪೇಠೆಯ ಅವರ ಮನೆಗೆ ಹೋದ. ಗಂಡ ಹೆಂಡತಿ ಇಬ್ಬರೇ. ಮಕ್ಕಳಿಬ್ಬರೂ ಇಸ್ರೇಲಿಗೆ ಹೋಗಿ ನೆಲೆಸಿ ವರ್ಷಗಳಾಗಿದ್ದವು. ಗೋಡೆಯ ಮೇಲೆ ಬೆಂಕಿಯ ರಥದಲ್ಲಿ ಆಕಾಶಕ್ಕೇರುತ್ತಿರುವ ಪ್ರವಾದಿ ಎಲೀಯನ ಚಿತ್ರ. ಥಳಕರರ ಹೆಂಡತಿ ರಿಬ್ಕಾಬಾಯಿ ಕಾಯಿತುರಿ, ಬೆಲ್ಲ ಕಲಸಿದ ಅವಲಕ್ಕಿಯನ್ನು ತಟ್ಟೆಯಲ್ಲಿ ತಂದಿಟ್ಟರು. "ಇದು ಮಲೀದಾ. ಎಲೀಯನ ಹೆಸರಿನ ಪ್ರಸಾದ. ತಿನ್ನು" ಎಂದರು. ಜಟ್ಟೆಪ್ಪ ತಿಂದ. ತಿಂದು, ಬಾಯಿ ಒರೆಸಿಕೊಂಡು, ಪುಸ್ತಕ ಬಿಚ್ಚಿದ. ಮೀಕ, ಯೆಶಾಯ, ಯಾಕೋಬ, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕರೆದು ನಿಲ್ಲಿಸಿದ.

ಥಳಕರ್ ನಡುವೆ ಬಾಯಿ ಹಾಕಲಿಲ್ಲ. ಅವನು ನಿಲ್ಲಿಸಿದ ಮೇಲೆ ಒಳಗೆ ಹೋಗಿ ದಪ್ಪ ರಟ್ಟಿನ ಹೀಬ್ರೂ ಪುಸ್ತಕ ತಂದು, ಬಲದಿಂದ ಎಡಕ್ಕೆ ಬೆರಳಾಡಿಸುತ್ತ ರಾಗವಾಗಿ ಓದಿದರು. ಆಮೇಲೆ ಹೇಳಿದರು. "ನೀನು ಕನ್ಯೆ ಅಂದ ಕಡೆ ಯೆಶಾಯನಲ್ಲಿರುವ ಪದ ಅಲ್ಮಾ. ಪ್ರಾಯದ ಹೆಣ್ಣು ಅಂತ ನಾವು ಓದುತ್ತೇವೆ. ಪದದ ಮಾತು ಹಾಗಿರಲಿ. ಯೆಶಾಯ ಇದನ್ನು ಯಾರಿಗೆ ಹೇಳಿದ?"

"ನಮಗೆ," ಎಂದ ಜಟ್ಟೆಪ್ಪ.

"ಆಹಾಜ ಅಂತ ಒಬ್ಬ ರಾಜನಿಗೆ. ಇಬ್ಬರು ರಾಜರು ಸೇರಿಕೊಂಡು ಅವನ ಪಟ್ಟಣದ ಮೇಲೆ ದಂಡೆತ್ತಿ ಬಂದಿದ್ದರು. ಹೆದರಿದವನಿಗೆ ಪ್ರವಾದಿ ಧೈರ್ಯ ಹೇಳಿದ. ಒಂದು ಮಗು ಹುಟ್ಟುತ್ತದೆ, ಇಮ್ಮಾನುವೇಲ ಅಂತ ಹೆಸರಿಡುತ್ತಾರೆ, ಅದಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯುವಷ್ಟರಲ್ಲಿ ಆ ಇಬ್ಬರ ದೇಶವೂ ಹಾಳು ಬೀಳುತ್ತದೆ ಅಂದ. ನಿನ್ನ ಕನ್ನಡ ಪುಸ್ತಕದಲ್ಲೂ ಅದೇ ಅಧ್ಯಾಯ ಇರುತ್ತದೆ. ಮೊದಲಿಂದ ಓದಿದ್ದೀಯಾ?"

ಜಟ್ಟೆಪ್ಪ ಅಲ್ಲೇ ತೆರೆದು ನೋಡಿದ. ಆಹಾಜನಿದ್ದ. ದಂಡೆತ್ತಿ ಬಂದ ರಾಜರೂ ಇದ್ದರು. ಬಿರುಗಾಳಿಗೆ ಅಡವಿಯ ಮರಗಳು ನಡುಗುವ ಹಾಗೆ ರಾಜನ ಎದೆಯೂ ಪ್ರಜೆಗಳ ಎದೆಯೂ ನಡುಗಿತೆಂದು ಬರೆದಿತ್ತು. ಅಷ್ಟು ವರ್ಷ ಅವನು ಆ ಅಧ್ಯಾಯದ ನಡುವಿನ ಒಂದು ವಚನವನ್ನು ಮಾತ್ರ ಕಿತ್ತುಕೊಂಡು ಬಂದು ಜನಕ್ಕೆ ತೋರಿಸಿದ್ದ. ಅದು ಬೆಳೆದಿದ್ದ ನೆಲ ನೋಡಿರಲಿಲ್ಲ.

ಮನೆಗೆ ಬಂದವನು ಅನ್ನ ಸರಿಯಾಗಿ ಉಣ್ಣಲಿಲ್ಲ. ಮರುದಿನ ಪಾದ್ರಿ ಕೃಷ್ಣಾಜಿಯವರ ಬಳಿ ಹೋಗಿ ಕೇಳಿದ. ಅವರು ಸಮಾಧಾನ ಹೇಳಿದರು. ಕ್ರಿಸ್ತನಿಗೂ ಮುಂಚೆ ಯೆಹೂದ್ಯ ಪಂಡಿತರೇ ಆ ಗ್ರಂಥವನ್ನು ಗ್ರೀಕ್ ಭಾಷೆಗೆ ತಿರುಗಿಸಿದ್ದಾರೆ, ಅಲ್ಲಿ ಕನ್ಯೆ ಎಂಬ ಪದವನ್ನೇ ಇಟ್ಟಿದ್ದಾರೆ ಎಂದರು. ಜಟ್ಟೆಪ್ಪ ಗೆದ್ದವನಂತೆ ಮತ್ತೆ ರಾಸ್ತಾ ಪೇಠೆಗೆ ಓಡಿದ. ಥಳಕರ್ ಕೇಳಿ ತಲೆಯಾಡಿಸಿದರು. "ಹೌದು, ಇಟ್ಟಿದ್ದಾರೆ. ಸುಳ್ಳಲ್ಲ. ಆದರೆ ಆಹಾಜ ಇನ್ನೂ ಅಲ್ಲೇ ನಿಂತು ನಡುಗುತ್ತಿದ್ದಾನಲ್ಲ, ಜಟ್ಟೆಪ್ಪಾ. ಅವನನ್ನು ಏನು ಮಾಡುತ್ತೀಯ?"

ಅದಕ್ಕೆ ಉತ್ತರ ಹುಡುಕಬೇಕಾದರೆ ಅವರ ಅಕ್ಷರವನ್ನೇ ಕಲಿಯಬೇಕೆಂದು ಹಟ ಹಿಡಿದ. "ಕಲಿಸ್ತೀರಾ, ದಾದಾ?" ಎಂದ. "ನನ್ನನ್ನು ಸೋಲಿಸೋದಕ್ಕೆ ನಾನೇ ಕಲಿಸಬೇಕೋ?" ಎಂದ ಥಳಕರ್, ಕಲಿಸತೊಡಗಿದರು.

ಹೀಗೆ ಅವನು ಪ್ರತಿ ಬುಧವಾರ ಕಾರ್ಖಾನೆ ಬಿಟ್ಟ ಮೇಲೆ ರಾಸ್ತಾ ಪೇಠೆಗೆ ಹೋಗುವುದು ನಡೆಯಿತು. ಮೊದಲು ಅಕ್ಷರ, ಆಮೇಲೆ ಪದ. ಇಮ್ಮಾನು ಎಂದರೆ ನಮ್ಮ ಸಂಗಡ, ಎಲ್ ಎಂದರೆ ದೇವರು. ಜಟ್ಟೆಪ್ಪನ ದಪ್ಪ ಬೆರಳು ಆ ಸಣ್ಣ ಚುಕ್ಕೆಗಳ ಮೇಲೆ ತಡವರಿಸಿದಾಗ ರಿಬ್ಕಾಬಾಯಿ ಅಡುಗೆಮನೆಯಿಂದಲೇ ತಿದ್ದುತ್ತಿದ್ದರು. ಅವನ ಹೆಂಡತಿ ಮರೆಮ್ಮ ಒಂದು ದಿನ ಅಂದಳು, "ಅವರನ್ನ ಗೆಲ್ಲಾಕ ಹೊಂಟಾಂವ, ಅವರ ಮನೀ ಮಗ ಆಗಿ ಕುಂತಿ."

"ಗೆಲ್ಲೂ ಮಾತು ಎಲ್ಲಿ ಉಳದದ," ಎಂದ ಜಟ್ಟೆಪ್ಪ.

ಆ ವರ್ಷದ ಡಿಸೆಂಬರ್ ಬಂತು. ಜಟ್ಟೆಪ್ಪ ಎದ್ದು ನಿಂತು ಯೆಶಾಯನ ಏಳನೆಯ ಅಧ್ಯಾಯವನ್ನು ಮೊದಲಿನಿಂದ ಓದಿದ. ಓದಿದ ಮೇಲೆ ಆಹಾಜನ ಕಥೆ ಹೇಳಿದ. ಅಲ್ಲಿಂದ ಮುಂದಕ್ಕೆ ಬೇತ್ಲೆಹೇಮಿಗೆ ದಾರಿ ಎಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಪುಸ್ತಕ ಮಡಿಸಿ, "ಪ್ರಾರ್ಥನಾ ಮಾಡೋಣ್ರಿ" ಎಂದು ಕಣ್ಣು ಮುಚ್ಚಿದ.

ಸಭೆಯ ಹಿರಿಯ ಅವ್ವಣ್ಣ. ಗಾರೆ ಕೆಲಸದ ಮುಕಾದಮ, ಆಳುಗಳ ಮೇಸ್ತ್ರಿ. ಸೋಲಾಪುರದ ದಾರಿ ಹಿಡಿದು ಬಂದ ಎಷ್ಟೋ ಕುಟುಂಬಗಳಿಗೆ ಪುಣೆಯಲ್ಲಿ ಕೆಲಸ, ಗುಡಿಸಲು ಎರಡನ್ನೂ ತೋರಿಸಿದವನು. ಅವನು ಹೊರಗೆ ಬೇವಿನ ಮರದ ಕೆಳಗೆ ಜಟ್ಟೆಪ್ಪನನ್ನು ತಡೆದ. "ಏನಪಾ ಇದು? ಒಬ್ಬ ಹೆದರಪುಕ್ಕ ರಾಜನ ಕಥಿ ಕೇಳಾಕ ಬಂದಿದ್ವೇನು ನಾವು? ವಾರೆಲ್ಲಾ ಕಲ್ಲು ಮಣ್ಣು ಹೊತ್ತ ಮಂದಿ. ಒಂದು ಗಟ್ಟಿ ಮಾತು ಬೇಕು ಅವರಿಗೆ."

"ನಾ ಗಟ್ಟಿ ಅಂತ ಹೇಳ್ತಿದ್ದದ್ದು ಗಟ್ಟಿ ಇಲ್ಲೋ ಏನೋ ಅಂತ ನನಗ ಅನುಮಾನ ಬಂದದ, ಅವ್ವಣ್ಣಾ."

"ಅನುಮಾನ ಇದ್ದಾಂವ ಅಲ್ಲಿ ಮ್ಯಾಲ ನಿಂದರಬಾರ್ದು," ಎಂದ ಅವ್ವಣ್ಣ. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಅಂದಿನಿಂದ ಪ್ರಸಂಗಕ್ಕೆ ಸೋಲಾಪುರದಿಂದ ಯಾರಾದರೂ ಬರುತ್ತಿದ್ದರು. ಯಾರೂ ಬಾರದ ವಾರ ಅವ್ವಣ್ಣನೇ ಒಂದು ಕೀರ್ತನೆ ಓದಿ ಮುಗಿಸುತ್ತಿದ್ದ. ಜಟ್ಟೆಪ್ಪ ಹಿಂದಿನ ಬೆಂಚಿನಲ್ಲಿ ಮರೆಮ್ಮನ ಪಕ್ಕ ಕೂತು ಕೇಳುತ್ತಿದ್ದ. ಜಟ್ಟೆಪ್ಪ ಯೆಹೂದಿ ಆಗ್ಯಾನಂತ ಎಂದು ಕೆಲವರು ಅಂದುಕೊಂಡರು. ಅವನು ಬುಧವಾರ ಹೋಗುವುದನ್ನು ಮಾತ್ರ ಬಿಡಲಿಲ್ಲ. ಪ್ರಾರ್ಥನೆಯನ್ನೂ ಬಿಡಲಿಲ್ಲ. ಆದರೆ ಪ್ರಾರ್ಥನೆಗೆ ಕೂತಾಗ, ಬೀಗ ಹಾಕಿದ ಮನೆಯ ಮುಂದೆ ಕೂತಂತಾಗುತ್ತಿತ್ತು.

ಎಪ್ಪತ್ತೆಂಟರ ಮಳೆಗಾಲದಲ್ಲಿ ಒಂದು ಶುಕ್ರವಾರ ಬೆಳಗಿನ ಜಾವ ರಿಬ್ಕಾಬಾಯಿ ತೀರಿಕೊಂಡರು. ಸುದ್ದಿ ತಿಳಿದು ಜಟ್ಟೆಪ್ಪ ಕಾರ್ಖಾನೆಗೆ ರಜೆ ಹಾಕಿ ಹೋದ. ಥಳಕರ್ ಕುರ್ಚಿಯಲ್ಲಿ ಕೂತಿದ್ದರು. ಹೆಂಗಸರು ಒಳಗೆ ಹೆಣಕ್ಕೆ ನೀರು ಹಾಕುತ್ತಿದ್ದರು. ಶುಕ್ರವಾರ ಸೂರ್ಯ ಮುಳುಗಿದರೆ ಸಬ್ಬತ್ತು, ಅವರ ವಿಶ್ರಾಂತಿಯ ದಿನ. ಅಷ್ಟರೊಳಗೆ ಮಣ್ಣು ಮಾಡಬೇಕು. ಆದರೆ ಗೋರಿಯ ಮುಂದೆ ಹೇಳುವ ಕದ್ದೀಶ್ ಪ್ರಾರ್ಥನೆಗೆ ಅವರ ಕುಲದ ಗಂಡಸರು ಹತ್ತು ಜನ ಕೂಡಬೇಕು. ಎಷ್ಟೋ ಮನೆಯವರು ಇಸ್ರೇಲಿಗೆ ಹೋಗಿಬಿಟ್ಟಿದ್ದರು. ಇದ್ದವರಲ್ಲಿ ಹಲವರು ಮದುವೆಗೆಂದು ಮುಂಬಯಿಗೆ ಹೋಗಿದ್ದರು. ಎಣಿಸಿ ನೋಡಿದರೆ ಒಂಬತ್ತು.

"ನಾನು ಬಂದು ನಿಂತರೆ ಆಗಲ್ವಾ?" ಎಂದು ಜಟ್ಟೆಪ್ಪ ಮೆಲ್ಲಗೆ ಕೇಳಿದ.

ಥಳಕರ್ ಅವನ ಕೈ ಹಿಡಿದರು. "ಆಗಲ್ಲ. ನೀನು ಕೇಳಿದೆಯಲ್ಲ, ಅದೇ ದೊಡ್ಡದು." ಆಮೇಲೆ ಅಂದರು, "ಲೋಣಾವಳಾದಲ್ಲಿ ನನ್ನ ಸೋದರತ್ತೆಯ ಮಗ ದಾವೀದ್ ಇದ್ದಾನೆ. ರೈಲ್ವೆ ಗಾರ್ಡು. ಮಳೆಗೆ ಫೋನು ಕೆಟ್ಟಿದೆ, ಸುದ್ದಿ ಮುಟ್ಟಿಲ್ಲ."

ಜಟ್ಟೆಪ್ಪ ಛತ್ರಿಯನ್ನೂ ತೆಗೆದುಕೊಳ್ಳದೆ ಸ್ಟೇಷನ್ನಿಗೆ ನಡೆದ. ಸಿಕ್ಕ ಲೋಕಲ್ ಹತ್ತಿದ. ತಳೇಗಾಂವ ದಾಟಿದ ಮೇಲೆ ಕಿಟಕಿಯ ಹೊರಗೆ ಮಳೆಯ ಹೊರತು ಏನೂ ಕಾಣುತ್ತಿರಲಿಲ್ಲ. ಲೋಣಾವಳಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ದಾವೀದನ ಮನೆಗೆ ಬೀಗ. ಪಕ್ಕದವರು ಬಜಾರದ ಕಡೆ ಕೈ ತೋರಿಸಿದರು. ಚಿಕ್ಕಿ ಅಂಗಡಿಗಳ ಸಾಲಿನಲ್ಲಿ, ಒದ್ದೆಯಾಗಿ ನಡುಗುತ್ತ, ಪ್ರತಿ ಅಂಗಡಿಯ ಮುಂದೆ ನಿಂತು ಹೆಸರು ಕೇಳುತ್ತ ಹೋದ. ಕೊನೆಗೆ ಒಂದು ಸೈಕಲ್ ರಿಪೇರಿ ಅಂಗಡಿಯ ಸೂರಿನ ಕೆಳಗೆ ಆ ಮನುಷ್ಯ ಸಿಕ್ಕಿದ. ಸುದ್ದಿ ಕೇಳಿ, ಮನೆಗೂ ಹೋಗದೆ ಇದ್ದ ಬಟ್ಟೆಯಲ್ಲೇ ಹೊರಟ. ರೈಲಿನಲ್ಲಿ ಒಮ್ಮೆ, "ನೀವು ಅಣ್ಣನಿಗೆ ಏನಾಗಬೇಕು?" ಎಂದು ಕೇಳಿದ. ಜಟ್ಟೆಪ್ಪ ಯೋಚಿಸಿ, "ವಿದ್ಯಾರ್ಥಿ" ಎಂದ.

ಹೊತ್ತು ಇಳಿಯುವ ಮುಂಚೆ ಮುಟ್ಟಿದರು. ಸ್ಮಶಾನದಲ್ಲಿ ಜಟ್ಟೆಪ್ಪ ಗೋಡೆಯ ಬಳಿ ದೂರ ನಿಂತ. ಹತ್ತು ಜನ ಒಟ್ಟಾಗಿ ನಿಂತು ಹೇಳುತ್ತಿದ್ದ ಪ್ರಾರ್ಥನೆ ಅವನು ಕಲಿತಿದ್ದ ಭಾಷೆಯಂತೆ ಕೇಳಿದರೂ ಅದೇ ಅಲ್ಲ. ಅಲ್ಲೊಂದು ಇಲ್ಲೊಂದು ಪದ ಹತ್ತಿರದ ಬಂಧುವಿನ ಮುಖದಂತೆ ಹೊಳೆದು ಮರೆಯಾಗುತ್ತಿತ್ತು. ಹೆಸರು ಎಂಬ ಪದ. ಪರಿಶುದ್ಧ ಎಂಬ ಪದ. ರಾಜ್ಯ ಎಂಬ ಪದ.

ಶೋಕದ ವಾರ ಕಳೆದ ಮೇಲೆ ಹೋಗಿ ಅದರ ಅರ್ಥ ಕೇಳಿದ. ಥಳಕರ್ ವಿವರಿಸಿದರು. ಅದು ಹೀಬ್ರೂವಿಗೆ ನಂಟಿನ ಬೇರೊಂದು ಹಳೆಯ ಭಾಷೆ. ಅದರಲ್ಲಿ ಸಾವಿನ ಮಾತೇ ಇಲ್ಲ. ದೇವರ ಹೆಸರು ಪವಿತ್ರವಾಗಲಿ, ಆತನ ರಾಜ್ಯ ಬೇಗ, ನಮ್ಮ ಜೀವಮಾನದಲ್ಲೇ ಬರಲಿ ಎಂದು ಬೇಡುವುದು, ಅಷ್ಟೆ.

"ನಮ್ಮ ಸ್ವಾಮಿ ಯೇಸು ಕಲಿಸಿದ ಪ್ರಾರ್ಥನೆಯೂ ಹೀಗೇ ಆರಂಭವಾಗುತ್ತದೆ, ದಾದಾ," ಎಂದ ಜಟ್ಟೆಪ್ಪ.

"ಆಗಲೇಬೇಕಲ್ಲ. ಅವನು ನಮ್ಮ ಹುಡುಗ," ಎಂದರು ಥಳಕರ್. ಆಮೇಲೆ ಅವನನ್ನೇ ನೋಡುತ್ತ ಕೇಳಿದರು. "ಮೊದಲ ದಿನ ನನಗೆ ಅಷ್ಟೆಲ್ಲ ಸಾಕ್ಷಿ ಹೇಳಿದೆ. ಆಮೇಲೆ ಎರಡು ವರ್ಷ ಆ ಮಾತೇ ಎತ್ತಲಿಲ್ಲ. ನಾನು ನಿನ್ನ ನಂಬಿಕೆ ಕೆಡಿಸಿದೆನೋ ಅಂತ ನನಗೆ ಹೆದರಿಕೆಯಾಗಿದೆ. ವಚನ ಬಿಡು. ನೀನು ಅವನನ್ನು ನಂಬಿದ್ದು ಯಾಕೆ?"

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಜಟ್ಟೆಪ್ಪ ಹುಡುಕಿ ಹುಡುಕಿ ಮಾತಾಡಿದ.

ಅವನು ಮರೆಮ್ಮನನ್ನು ಕರೆದುಕೊಂಡು ಪುಣೆಗೆ ಬಂದ ಹೊಸತು. ಆಗ ಕ್ರೈಸ್ತನಲ್ಲ. ಹೊಳೆಯ ದಂಡೆಯ ತಗಡಿನ ಗುಡಿಸಲಿನಲ್ಲಿ ವಾಸ. ಚೊಚ್ಚಲು ಹೆಣ್ಣುಕೂಸು ಸತ್ತೇ ಹುಟ್ಟಿತು. ಸೂತಕವೆಂದೂ ಕೀಳು ಜಾತಿಯೆಂದೂ ಯಾರೂ ಹತ್ತಿರ ಸುಳಿಯಲಿಲ್ಲ. ಕೂಸಿಲ್ಲದ ತಾಯಿಗೆ ಹಾಲು ಇಳಿದು, ಎದೆ ಬಿಗಿದು, ಜ್ವರ ಬಂದು ಮರೆಮ್ಮ ನರಳುತ್ತಿದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅಂಬಾಬಾಯಿ ಎಂಬ ಹೆಂಗಸು, ಬೀದರಿನ ಕಡೆಯವಳು, ಕೆಲಸ ಮುಗಿಸಿ ದಿನಾ ಆ ಗುಡಿಸಲಿಗೆ ಬಂದಳು. ನೀರು ಕಾಯಿಸಿದಳು, ಮೈ ತೊಳೆದಳು, ಎದೆಗೆ ಬಟ್ಟೆ ಕಟ್ಟಿದಳು, ಗಂಜಿ ಕುಡಿಸಿದಳು. ಒಂದು ದಿನವೂ ಧರ್ಮದ ಮಾತಾಡಲಿಲ್ಲ. ಮರೆಮ್ಮ ಎದ್ದು ಕೂತ ದಿನ ಜಟ್ಟೆಪ್ಪನೇ ಕೇಳಿದ, ಇಂಥ ಜಾಗಕ್ಕೆ ನೀ ಯಾಕ ಬಂದಿ, ಬಾಯೀ ಎಂದು. ಅವಳು ಬಟ್ಟೆ ಹಿಂಡುತ್ತ ಅಂದಳು, "ನಮ್ಮ ಸ್ವಾಮಿ ದನದ ಹಟ್ಟ್ಯಾಗ ಹುಟ್ಟಿ ಬಂದಾನ. ಆಂವ ಬಂದಾನಂತ ನಾನೂ ಬಂದೀನಿ."

"ಅಷ್ಟೇ, ದಾದಾ," ಎಂದ ಜಟ್ಟೆಪ್ಪ. "ಆಗ ನನಗೆ ಓದಲೂ ಬರುತ್ತಿರಲಿಲ್ಲ. ಯೆಶಾಯ ಯಾರು, ಮೀಕ ಯಾರು, ಒಂದೂ ಗೊತ್ತಿರಲಿಲ್ಲ. ಇಮ್ಮಾನುವೇಲ ಅನ್ನುವ ಹೆಸರನ್ನು ಬಹಳ ವರ್ಷದ ಮೇಲೆ ಓದಿದಾಗ, ಅರೇ, ಇದು ಆ ಗುಡಿಸಲಿಗೆ ಬಂದವನ ಹೆಸರಲ್ಲವೇ ಅನ್ನಿಸಿತು."

ಹೇಳುತ್ತಿದ್ದಂತೆಯೇ ಅವನ ಮಾತು ಅವನಿಗೇ ಕೇಳಿಸಿತು. ಪ್ರವಾದಿಗಳು ಹೇಳಿದ ಗುರುತುಗಳ ಬೆನ್ನು ಹತ್ತಿ ಹೊರಟು ಅವನು ಯೇಸುವನ್ನು ಕಂಡವನಲ್ಲ. ಯೇಸುವನ್ನು ಕಂಡ ಮೇಲೆ ಆ ಗುರುತು ಗುರುತಾಗಿ ಕಂಡಿತ್ತು. ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನರಿಗೂ ಹೀಗೇ ಆಗಿರಬೇಕು. ಆತನ ಸಂಗಡ ತಿರುಗಿ, ಆತ ಸತ್ತು ಎದ್ದದ್ದನ್ನು ಕಂಡು, ಆಮೇಲೆ ಹಳೆಯ ಪುಸ್ತಕ ತೆರೆದಾಗ ಅಲ್ಲಿ ಪುಟಪುಟದಲ್ಲೂ ಪರಿಚಯದ ಮುಖ ಕಂಡಿರಬೇಕು.

"ನಾನು ಆ ವಚನವನ್ನು ನಿನ್ನ ಹಾಗೆ ಓದಲಾರೆ," ಎಂದರು ಥಳಕರ್. "ಈ ಜನ್ಮದಲ್ಲಿ ಆಗದು. ನಮ್ಮವರು ಬರಬೇಕಾದ ರಕ್ಷಕನಿಗಾಗಿ ಇನ್ನೂ ಕಾಯುತ್ತಿದ್ದಾರೆ, ನಾನು ಅವರ ಜೊತೆ ಕಾಯುತ್ತೇನೆ. ಆದರೆ ಆ ಅಂಬಾಬಾಯಿಯ ಮಾತಿಗೆ ನನ್ನಲ್ಲಿ ಎದುರುತ್ತರ ಇಲ್ಲ. ಹುಡುಕುವುದೂ ಇಲ್ಲ."

"ನಾವೂ ಕಾಯ್ತಾ ಇದ್ದೇವೆ, ದಾದಾ. ಯೇಸು ಮತ್ತೊಮ್ಮೆ ಬರುತ್ತೇನೆ ಅಂತ ಹೇಳಿ ಹೋಗಿದ್ದಾನೆ."

"ಹಾಗಾದರೆ ಬಂದಾಗ ಕೇಳೋಣ," ಎಂದರು ಥಳಕರ್. "ಇದು ಮೊದಲನೆಯ ಸಲವೋ, ಎರಡನೆಯ ಸಲವೋ ಅಂತ."

ಮುಂದಿನ ವರ್ಷ ಮಕ್ಕಳು ಅವರನ್ನು ಇಸ್ರೇಲಿಗೆ ಕರೆಸಿಕೊಂಡರು. ಮನೆಯ ಸಾಮಾನು ಕಟ್ಟುವಾಗ ಜಟ್ಟೆಪ್ಪ, ಮರೆಮ್ಮ ಇಬ್ಬರೂ ಹೋಗಿ ದುಡಿದರು. ಮುಂಬಯಿಯ ಗಾಡಿ ಹತ್ತುವ ಮುಂಚೆ ಥಳಕರ್ ಅವನ ತಲೆಯ ಮೇಲೆ ಎರಡೂ ಕೈಯಿಟ್ಟು ಹೀಬ್ರೂವಿನಲ್ಲಿ ಆಶೀರ್ವಾದ ಹೇಳಿದರು. ಪ್ಲಾಟ್‌ಫಾರ್ಮಿನಲ್ಲಿ ಜನ ನೋಡುತ್ತಿದ್ದರು. ಜಟ್ಟೆಪ್ಪ ತಲೆ ಬಾಗಿಸಿ ನಿಂತೇ ಇದ್ದ. ಅವರು ಕೈ ತೆಗೆದ ಮೇಲೂ ತಲೆ ಎತ್ತಲು ಹೊತ್ತಾಯಿತು.

ಆ ಡಿಸೆಂಬರಿನಲ್ಲಿ ಅವನು ತಾನಾಗಿಯೇ ಅವ್ವಣ್ಣನ ಮನೆಗೆ ಹೋಗಿ, ಒಂದು ಐತವಾರ ಕೊಡು ಎಂದು ಕೇಳಿದ. ಅವ್ವಣ್ಣ ಗಡ್ಡ ಕೆರೆದುಕೊಂಡ. "ಅನುಮಾನ ಹೋತೇನು?"

"ಅನುಮಾನ ಅದ. ಆದ್ರ ಹೇಳೂದೂ ಅದ."

ಅವ್ವಣ್ಣ ಇಲ್ಲವೆನ್ನಲಿಲ್ಲ.

ಅಂದು ಜಟ್ಟೆಪ್ಪ ಹೆದರಿದ ರಾಜನಿಂದಲೇ ಮೊದಲು ಮಾಡಿದ. "ಗಾಳಿಗೆ ಗಿಡ ನಡುಗಿದಾಂಗ ನಡುಗೋ ಮನಷ್ಯಾಗ ದೇವರು ಏನು ಕೊಟ್ಟಾನ್ರಿ? ದಂಡು ಕೊಡಲಿಲ್ಲ, ಕುದರಿ ಕೊಡಲಿಲ್ಲ. ಒಂದು ಕೂಸಿನ ಹೆಸರು ಕೊಟ್ಟ. ದೇವರು ನಮ್ಮ ಕೂಡ ಇದ್ದಾನ ಅನ್ನೋ ಹೆಸರು. ಆ ಮಾತು ಆಹಾಜನ ಕಾಲಕ್ಕ ಒಂದು ರೀತಿ ಖರೇ ಆತು. ಆದ್ರ ಆ ಹೆಸರು ಆಹಾಜನ ಅರಮನಿಗೆ ಭಾಳ ದೊಡ್ಡದಿತ್ತು. ಅಲ್ಲಿ ಹಿಡೀಲಿಲ್ಲ. ನೂರಾರು ವರ್ಷ ಅದು ತನ್ನ ಕೂಸಿನ ದಾರಿ ಕಾಯ್ತು. ಮರಿಯಳು ಯೇಸುನ್ನ ಹೆತ್ತ ಮ್ಯಾಲ ಆ ಹೆಸರಿಗೆ ತಕ್ಕಾಂವ ಸಿಕ್ಕ. ಮರಿಯಳು ಕನ್ಯೆ ಅನ್ನೋದನ್ನ ನಾ ಬಿಟ್ಟಿಲ್ರಿ. ಅದನ್ನ ಆಕಿ ಸಾಕ್ಷಿ ಕೇಳಿ ನಂಬೀನಿ, ಯಾರ ಜೋಡಿನೂ ಪದದ ಜಗಳ ಗೆದ್ದು ನಂಬಿಲ್ಲ." ನೀರು ಕುಡಿದು ಮುಂದುವರಿಸಿದ. "ಇನ್ನೊಂದು ಮಾತು. ಯೆಹೂದ್ಯರಿಗೆ ಕಣ್ಣಿಲ್ಲ ಅಂತ ನಾ ಇಲ್ಲೇ ನಿಂತು ಹೇಳ್ತಿದ್ದೆ. ಕಾಣದೇ ಹೇಳಿದ್ದೆ. ಈ ಪುಸ್ತಕ ಇಷ್ಟು ಸಾವಿರ ವರ್ಷ ಜ್ವಾಕಿ ಮಾಡಿ ಇಟ್ಟವ್ರು ಅವರು. ಅವರೂ ಕಾಯಾಕ ಹತ್ಯಾರ, ನಾವೂ ಕಾಯಾಕ ಹತ್ತೀವಿ. ಕಾಯೋವ್ರನ್ನ ನೋಡಿ ಕಾಯೋವ್ರು ನಗಬಾರ್ದು."

ಆಮೇಲೆ ಅಂಬಾಬಾಯಿಯ ವಿಷಯ ಹೇಳಿದ. ಮರೆಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಕೂಸಿನ ಮಾತನ್ನು ಅವನು ನಾಲ್ಕು ಜನರ ಮುಂದೆ ಎತ್ತಿದ್ದು ಅದೇ ಮೊದಲು.

ಎಲ್ಲರಿಗೂ ಅದು ಹಿಡಿಸಲಿಲ್ಲ. ಎರಡು ಕುಟುಂಬಗಳು ಮುಂದಿನ ವಾರದಿಂದ ಮರಾಠಿ ಆರಾಧನೆಗೆ ಹೋಗತೊಡಗಿದವು. ಅವ್ವಣ್ಣ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, "ಪೂರಾ ತಿಳೀಲಿಲ್ಲ ನನಗ" ಎಂದ. ಆಮೇಲೆ ಕೇಳಿದ, "ಆ ಅಂಬಾಬಾಯಿ ಈಗ ಎಲ್ಲಿ ಅದಾಳ?"

"ತೀರಿಕೊಂಡು ಆರೇಳು ವರ್ಷಾತು."

"ನನ್ನ ಸೊಸಿಗೆ ಈ ತಿಂಗಳದಾಗ ದಿನಾ ತುಂಬ್ಯಾವ," ಎಂದ ಅವ್ವಣ್ಣ. "ಲೋಹಗಾಂವ್ ಕಡೆ ಸೈಟಿನ್ಯಾಗ ಗುಡಸಲಾ. ಸುತ್ತ ಒಂದು ಹೆಣ್ಣುಮಗಳಿಲ್ಲ. ಮರೆಮ್ಮಗ ನಾಕು ದಿನ ಕಳಸ್ತಿಯೇನು?"

ಜಟ್ಟೆಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಕಣ್ಣೊರೆಸಿಕೊಂಡು, ಬಿಸಿನೀರಿಗೆ ದೊಡ್ಡ ಭಗುಣಿ ಅದ ಏನು ಅಲ್ಲಿ, ಇಲ್ಲಂದ್ರ ನಮ್ಮನೀದು ಒಯ್ಯೋಣು ಎಂದು ಅವ್ವಣ್ಣನನ್ನು ಕೇಳುತ್ತಿದ್ದಳು.